ಕೋಳಿ ಶೆಡ್ಡಿನ ಕೆಳಗಿನ ಹಳ್ಳ

ಹಳ್ಳದ ಆರೋಗ್ಯ ನೋಡುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಎರಡು ಕೋಲುಗಳ ನಡುವೆ ಕಟ್ಟಿದ ಬಲೆಯನ್ನು ನೀರಿಗೆ ಅಡ್ಡವಾಗಿ ಹಿಡಿದು ನಿಲ್ಲಬೇಕು. ಇನ್ನೊಬ್ಬರು ನೀರು ಬರುವ ಕಡೆ ನಿಂತು ತಳದ ಕಲ್ಲುಗಳನ್ನು ಕಾಲಿನಿಂದ ಉಜ್ಜಿ ಕದಡಬೇಕು. ಕಲ್ಲಿನಡಿ ಅವಿತಿದ್ದ ಹುಳಗಳು ಹಿಡಿತ ತಪ್ಪಿ ತೇಲಿ ಬಂದು ಬಲೆಗೆ ಸಿಗುತ್ತವೆ. ಅವನ್ನು ಬಿಳಿ ಟ್ರೇಗೆ ಸುರಿದು, ಯಾವುದು ಏನು ಎಂದು ಗುರುತಿಸಿ, ಮತ್ತೆ ನೀರಿಗೆ ಬಿಟ್ಟುಬಿಡುತ್ತೇವೆ.

ನೀರನ್ನು ಅಳೆಯುವ ಯಂತ್ರಗಳೂ ನಮ್ಮ ಬಳಿ ಇದ್ದವು. ಆದರೆ ಯಂತ್ರಕ್ಕೆ ಗೊತ್ತಾಗುವುದು ಆ ಹೊತ್ತಿನ ನೀರು ಮಾತ್ರ. ಹುಳಗಳು ತಿಂಗಳುಗಟ್ಟಲೆ ಅಲ್ಲೇ ಬದುಕಿರುತ್ತವೆ. ಹೋದ ವಾರ ಯಾರಾದರೂ ಏನಾದರೂ ಸುರಿದು ಹೋಗಿದ್ದರೆ ನೀರು ಅದನ್ನು ಕೊಚ್ಚಿಕೊಂಡು ಹೋಗಿರುತ್ತದೆ, ಹುಳಗಳು ಮಾತ್ರ ಸತ್ತಿರುತ್ತವೆ. ಮೇಫ್ಲೈ ಎಂಬ ಕೀಟದ ಮರಿ ಇದೆ. ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಸದಾ ಅದುರುವ ಎಲೆಯಂಥ ಕಿವಿರು. ನೀರು ಕೆಟ್ಟರೆ ಮೊದಲು ಕಾಣೆಯಾಗುವುದು ಅದು. ಎಲ್ಲ ಹೋದ ಮೇಲೂ ಕೆಸರಿನಲ್ಲಿ ಉಳಿದುಕೊಳ್ಳುವುದು ದಾರದ ತುಂಡಿನಂಥ ಕೆಂಪು ಹುಳ. ಒಂದು ಹಳ್ಳದಲ್ಲಿ ಯಾವುದಿದೆ, ಯಾವುದಿಲ್ಲ ಎನ್ನುವುದರ ಮೇಲೆ ಅದಕ್ಕೆ ಅಂಕ ಕೊಡುತ್ತೇವೆ.

ನಾನು ಕಲ್ಲು ಉಜ್ಜುತ್ತಿದ್ದೆ. ಬಲೆ ಹಿಡಿಯುತ್ತಿದ್ದವಳು ನನ್ನ ಗೆಳತಿ.

ತುಮಕೂರಿನಲ್ಲಿ ಎಂಎಸ್ಸಿ ಓದುವಾಗ ಅವಳು ಸಿಕ್ಕಿದ್ದು. ನಾನು ಪೇಟೆಯವಳು. ಅಬ್ಬಾ ತಗಡಿನ ಟ್ರಂಕು, ಬಕೆಟ್ಟು ಮಾರುವ ಅಂಗಡಿ ಇಟ್ಟಿದ್ದರು, ಅವರ ನಂತರ ಅಣ್ಣ ನೋಡಿಕೊಳ್ಳುತ್ತಿದ್ದಾನೆ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅವಳು ಹುತ್ರಿದುರ್ಗದ ಬೆಟ್ಟದ ಕಡೆಯ ಹಳ್ಳಿಯವಳು, ಹಾಸ್ಟೆಲಿನಲ್ಲಿದ್ದಳು. ಪ್ರಾಕ್ಟಿಕಲ್ಲಿಗೆ ಇಬ್ಬರನ್ನೂ ಒಂದೇ ಮೇಜಿಗೆ ಹಾಕಿದ್ದರು. ಮೊದಲ ದಿನವೇ ಜಿರಳೆ ಕೊಯ್ಯಬೇಕಿತ್ತು. ನಾನು ಬೆವರುತ್ತಿದ್ದದ್ದನ್ನು ನೋಡಿ ಅವಳು, "ನೀನು ಬರ್ಕೋ, ನಾನು ಕೊಯ್ತೀನಿ ಕಣೇ. ಯಾರ್ಗೂ ಹೇಳ್ಬೇಡ," ಎಂದಿದ್ದಳು. ಆಮೇಲೆ ಎರಡು ವರ್ಷ ನಾವು ಬೇರೆ ಬೇರೆ ಕೂತದ್ದೇ ಇಲ್ಲ.

ಓದು ಮುಗಿದ ಮೇಲೆ ಈ ಹಳ್ಳಗಳ ಪ್ರಾಜೆಕ್ಟಿನಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ಗುತ್ತಿಗೆ ಕೆಲಸ. ಕೋರದ ಹತ್ತಿರ ಒಂದು ಜಾಗ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಕಡೆ ಒಂದು, ಕುಣಿಗಲ್ ಕಡೆ ಅವಳ ಊರಿನದೇ ಒಂದು. ನಮ್ಮ ಕಡೆಯ ಹಳ್ಳಗಳು ವರ್ಷವಿಡೀ ಹರಿಯುವುದಿಲ್ಲ. ಮಳೆ ಹಿಡಿದ ಮೇಲೆ ಶುರುವಾಗಿ, ಚಳಿ ಮುಗಿಯುವ ಹೊತ್ತಿಗೆ ಅಲ್ಲಲ್ಲಿ ಗುಂಡಿಗಳಾಗಿ ನಿಂತುಬಿಡುತ್ತವೆ. ಅವಳ ಊರಿನ ಹಳ್ಳಕ್ಕೆ ಮಾತ್ರ ಬೆಟ್ಟದ ಬುಡದ ಒರತೆಯ ನೀರು ಸೇರುತ್ತಿದ್ದರಿಂದ ಬಿಸಿಲು ಬಲಿಯುವವರೆಗೂ ಸಣ್ಣಗೆ ಹರಿಯುತ್ತಿತ್ತು. ನಮ್ಮ ಎಲ್ಲ ಜಾಗಗಳಲ್ಲಿ ಹೆಚ್ಚು ಅಂಕ ಅದಕ್ಕೇ. ಟ್ರೇಯಲ್ಲಿ ಮೇಫ್ಲೈ ಮರಿಗಳು ತುಂಬಿಕೊಂಡು ಓಡಾಡುತ್ತಿದ್ದರೆ ಅವಳು ತಾನೇ ಸಾಕಿದ ಹಾಗೆ ಬೀಗುತ್ತಿದ್ದಳು.

"ನೋಡೇ, ನಿಮ್ ತುಮಕೂರಲ್ಲಿ ಸಿಕ್ತವಾ ಇವು?"

"ನಮ್ ತುಮಕೂರಲ್ಲಿ ಚರಂಡಿ ಇದೆ, ಹಳ್ಳ ಎಲ್ಲಿದೆ?"

ಮಧ್ಯಾಹ್ನದ ಊಟ ಅವಳ ಮನೆಯಲ್ಲೇ. ಅವಳ ಅಮ್ಮ ನನ್ನನ್ನು ಮೊದಲ ಸಲ ನೋಡಿದಾಗ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಕೋಳಿ ನೀವು ಕುಯ್ದಿದ್ದೇ ಆಗ್ಬೇಕು ಅಂತಾರಲ್ಲ. ಮೊಟ್ಟೆ ಆಯ್ತದೇನವ್ವ?" ಎಂದು ಕೇಳಿದ್ದರು. ಆಯ್ತದೆ ಅಂದೆ. ಅಂದಿನಿಂದ ನಾನು ಹೋದಾಗಲೆಲ್ಲ ಮೊಟ್ಟೆ ಸಾರು, ಮುದ್ದೆ. ಅವಳ ಅಣ್ಣ ತೋಟದಿಂದ ಬಂದು ಪಡಸಾಲೆಯಲ್ಲಿ ಕೂತು, "ಏನಮ್ಮಣ್ಣಿ, ಇವತ್ತು ಎಷ್ಟು ಹುಳ ಪಾಸು, ಎಷ್ಟು ಫೇಲು?" ಎಂದು ನಗುತ್ತಿದ್ದರು. ಆಗ ನನ್ನ ಅಮ್ಮಿ ತೀರಿಕೊಂಡು ವರ್ಷವೂ ಆಗಿರಲಿಲ್ಲ. ನನ್ನ ಅಣ್ಣನ ಮನೆಯ ಮಹಡಿ ಕೋಣೆ ನನ್ನದಾಗಿತ್ತು. ಹೊಟ್ಟೆ ತುಂಬ ಉಂಡು, ಇನ್ನೊಬ್ಬರ ತಾಯಿಯ ಕೈಯಲ್ಲಿ ಬೈಸಿಕೊಳ್ಳುವುದು ಆಗ ನನಗೆ ಎಷ್ಟು ಬೇಕಾಗಿತ್ತೆಂದು ಅಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಅವಳಿಗೆ ಕುಣಿಗಲ್ಲಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಅದೇ ವರ್ಷ ಮದುವೆಯೂ ಆಯಿತು. ಮದುವೆಯಲ್ಲಿ ನಾನು ಎರಡು ದಿನ ಅವಳ ಮನೆಯಲ್ಲೇ ಇದ್ದೆ. ಗಂಡನ ಕಡೆಯವರು ಬಂದಾಗ ಅವಳ ಅಣ್ಣ ನನ್ನನ್ನು ತೋರಿಸಿ, "ಇವಳೂ ನಮ್ಮ ಹುಡುಗೀನೇ," ಎಂದು ಪರಿಚಯ ಮಾಡಿಸಿದರು.

ಪ್ರಾಜೆಕ್ಟಿನಲ್ಲಿ ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕೇಳಿದ್ದಕ್ಕೆ, "ಇನ್ನೇನು ಮುಗೀತಾ ಬಂತಲ್ಲ, ಒಬ್ರೇ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದರು. ಅಡ್ಜಸ್ಟ್ ಮಾಡಿಕೊಂಡೆ. ಬಲೆಯ ಕೋಲುಗಳನ್ನು ತಳದಲ್ಲಿ ನೆಟ್ಟು, ಸುತ್ತ ಕಲ್ಲು ಒಟ್ಟಿ, ಒಂದು ಕೈಯಲ್ಲಿ ಬಲೆಯ ಮೇಲಂಚು ಹಿಡಿದುಕೊಂಡು ಓರೆಯಾಗಿ ನಿಂತು ಕಾಲಾಡಿಸುತ್ತಿದ್ದೆ. ನೀರಿನ ಸೆಳೆತ ಜಾಸ್ತಿಯಿದ್ದರೆ ಕೋಲು ಕಿತ್ತುಕೊಂಡು ಬರುತ್ತಿತ್ತು. ಮೊದಲು ಇಬ್ಬರೂ ಓಡಾಡುತ್ತಿದ್ದ ಸ್ಕೂಟರು ಅವಳದಾಗಿದ್ದರಿಂದ ನನಗೆ ಬಸ್ಸೇ ಗತಿ. ಬಲೆ, ಟ್ರೇ, ಬಾಟಲಿಗಳ ಚೀಲ ಹೊತ್ತು ಹತ್ತಿದರೆ ಕಂಡಕ್ಟರು ಫ್ರೀ ಟಿಕೆಟ್ ಹರಿಯುತ್ತಾ, "ಮೀನು ಹಿಡಿಯಕ್ ಹೊಂಟ್ರಾ ಮೇಡಂ?" ಎಂದು ಕೇಳುತ್ತಿದ್ದ. ಕೋರದಲ್ಲಿ ಬೈಕು ನಿಲ್ಲಿಸಿದವರು ಬೋರ್‌ವೆಲ್ ಪಾಯಿಂಟ್ ನೋಡುತ್ತಿದ್ದೀರಾ ಎಂದು ವಿಚಾರಿಸುತ್ತಿದ್ದರು. ಹುಳ ನೋಡುತ್ತಿದ್ದೇನೆ ಎಂದರೆ ಒಂದು ಕ್ಷಣ ನನ್ನ ಮುಖ ನೋಡಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಿದ್ದರು.

ಕೆಲಸ ಕಷ್ಟ ಎನ್ನಿಸಲಿಲ್ಲ. ಕಷ್ಟವಾದದ್ದು ಬೇರೆ. ಒಂದು ಬೆಳಿಗ್ಗೆ ನಿಟ್ಟೂರಿನ ಹಳ್ಳದ ದಂಡೆಯಲ್ಲಿ, ಜೊಂಡಿನ ಕಡ್ಡಿಯ ಮೇಲೆ ಏರೋಪ್ಲೇನ್ ಚಿಟ್ಟೆಯ ಮರಿಯೊಂದು ನೀರಿನಿಂದ ಹತ್ತಿ ಬಂದು ಕೂತಿತ್ತು. ಅದರ ಬೆನ್ನು ಬಿರಿದು, ಒಳಗಿನಿಂದ ಮೆತ್ತನೆಯ, ಬಣ್ಣವಿಲ್ಲದ ಚಿಟ್ಟೆ ಹೊರಗೆ ಬರತೊಡಗಿತು. ಮುದುಡಿದ ರೆಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ನಾನು ಕೆಲಸ ಬಿಟ್ಟು ಪೂರ್ತಿ ನೋಡಿದೆ. ಅದು ಹಾರಿದಾಗ "ನೋಡ್ದೇನೇ!" ಎಂದು ಜೋರಾಗಿ ಅಂದುಬಿಟ್ಟೆ. ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿತು. ಬೇರೆ ಯಾರೂ ಇರಲಿಲ್ಲ. ಅವಳಿಗೆ ಫೋನ್ ಮಾಡಿದೆ. ಆಫೀಸಿನಲ್ಲಿ ಮೀಟಿಂಗ್ ಇದೆ, ಆಮೇಲೆ ಮಾಡುತ್ತೇನೆ ಎಂದು ಪಿಸುಗುಟ್ಟಿ ಇಟ್ಟಳು. ರಾತ್ರಿ ಮಾಡಿದಾಗ ಅತ್ತೆಮನೆಯ ವಿಷಯ, ಬಾಡಿಗೆ ಮನೆಯ ವಿಷಯ ಮಾತಾಡಿದಳು. ಚಿಟ್ಟೆಯ ಸುದ್ದಿ ಎತ್ತಲು ನನಗೆ ನಾಚಿಕೆಯಾಯಿತು.

ನಮ್ಮ ಮನೆಯಲ್ಲಿ ಅಣ್ಣ ಒಳ್ಳೆಯವನೇ. ಟ್ರೇ ಸೋರಿದರೆ ಅಂಗಡಿಯಲ್ಲಿ ಬೆಸುಗೆ ಹಾಕಿಸಿ ತಂದುಕೊಡುತ್ತಿದ್ದ. ಅತ್ತಿಗೆ ಊಟ ಮುಚ್ಚಿಡುತ್ತಿದ್ದಳು. ಆದರೆ ಇವತ್ತು ಎಲ್ಲಿಗೆ ಹೋಗಿದ್ದೆ, ಏನು ಕಂಡೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಗಡಿಯಲ್ಲಿ ಎಷ್ಟು ಟ್ರಂಕು ಹೋದವು ಎಂದು ನಾನೂ ಕೇಳುತ್ತಿರಲಿಲ್ಲ.

ಮುಂದಿನ ಮಳೆಗಾಲ ಹುತ್ರಿದುರ್ಗದ ಕಡೆ ಹೋದಾಗ, ಅವಳ ಮನೆಯ ತೋಟದ ಮೇಲಂಚಿನಲ್ಲಿ ಉದ್ದನೆಯ ಶೆಡ್ ಎದ್ದಿತ್ತು. ಬಿಳಿನೊಣ ಬಂದು ತೆಂಗಿನ ಕಾಯಿ ಕಡಿಮೆಯಾಗಿತ್ತು. ಅದಕ್ಕೇ ಅವಳ ಅಣ್ಣ ಬ್ರಾಯ್ಲರ್ ಕೋಳಿ ಸಾಕತೊಡಗಿದ್ದರು. ಒಂದು ಬ್ಯಾಚ್ ಹೋಗಿ ಇನ್ನೊಂದು ಬರುವ ಮೊದಲು ಶೆಡ್ ತೊಳೆಯುತ್ತಿದ್ದರು. ತೊಳೆದ ನೀರು ಇಳಿಜಾರಿನಲ್ಲಿ ಹರಿದು ನೇರ ಹಳ್ಳಕ್ಕೆ. ಆ ಸಲ ಶೆಡ್ಡಿನ ಕೆಳಗೆ ಮೇಫ್ಲೈ ಮರಿಗಳು ಕಡಿಮೆ ಸಿಕ್ಕವು. ಅದರ ಮುಂದಿನ ಸಲ ಒಂದೂ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ, ಟ್ರೇಯಲ್ಲಿ ಕೆಸರು, ಕೆಸರಿನಲ್ಲಿ ಕೆಂಪು ಹುಳ. ಶೆಡ್ಡಿನ ಮೇಲ್ಗಡೆ, ಕೂಗಳತೆ ದೂರದಲ್ಲಿ, ಅದೇ ಹಳ್ಳ ಮೊದಲಿನ ಹಾಗೇ ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಸೀರೆ ಸ್ವಲ್ಪ ಎತ್ತಿ ಮೊಣಕಾಲ ಕೆಳಗಿನ ಗಂದೆ ತೋರಿಸಿ, "ನೀರು ಸರಿಗಿಲ್ಲ ಕಣವ್ವ, ಒಂದೇ ಸಮ ಕಡಿತದೆ," ಎಂದರು.

ಅಂದು ಮಧ್ಯಾಹ್ನವೂ ಅವಳ ಅಮ್ಮ ಕರೆದು ಊಟಕ್ಕಿಟ್ಟರು. ತಟ್ಟೆಯ ಮುಂದೆ ಕೂತು ನನಗೆ ಬಾಯಿ ಬರಲಿಲ್ಲ. ತೀರಾ ಹತ್ತಿರದವರ ಮನೆಯಲ್ಲಿ ಹೇಳುವುದು ಹೇಗೆ ಎಂದು ಗೊತ್ತಾಗದೆ, ಬಸ್ಸು ಹತ್ತುವ ಮೊದಲು ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಕೆಂಪು ಹುಳ ಎಂದ ಕೂಡಲೇ ಅರ್ಥವಾಯಿತು.

"ನಾನು ಅಣ್ಣನ ಹತ್ರ ಮಾತಾಡ್ತೀನಿ. ಸ್ವಲ್ಪ ಟೈಮ್ ಕೊಡು ಕಣೇ."

"ಆಯ್ತು."

ಮಾತಾಡಿದಳೋ ಇಲ್ಲವೋ, ಶೆಡ್ಡಿನ ನೀರು ನಿಲ್ಲಲಿಲ್ಲ. ಇನ್ನೆರಡು ಸಲ ಹೋಗಿ ನೋಡಿ ಬಂದೆ. ಅಷ್ಟರಲ್ಲಿ ಪ್ರಾಜೆಕ್ಟಿನ ವರದಿಯನ್ನು ಆಯಾ ಪಂಚಾಯಿತಿಗಳಲ್ಲಿ ಓದಿ ಹೇಳಬೇಕೆಂದು ತೀರ್ಮಾನವಾಯಿತು. ಹಳ್ಳದ ನಕ್ಷೆಯಲ್ಲಿ ಚೆನ್ನಾಗಿರುವ ಕಡೆ ಹಸಿರು, ನಡುವೆ ಹಳದಿ, ಕೆಟ್ಟಿರುವ ಕಡೆ ಕೆಂಪು ಬಳಿದು ಗೋಡೆಗೆ ಅಂಟಿಸುವುದು. ಕುಣಿಗಲ್ ಕಡೆಯದನ್ನು ಬೇರೆ ಯಾರಾದರೂ ಹೇಳಲಿ ಎಂದು ಮೇಲಿನವರನ್ನು ಕೇಳಿಕೊಂಡೆ. "ಆ ಜಾಗ ನೋಡಿರೋರು ನೀವೊಬ್ರೇ ಅಲ್ವೇನಮ್ಮ?" ಎಂದರು. ಅದು ನಿಜವೇ.

ಮತ್ತೆ ಅವಳಿಗೆ ಫೋನ್ ಮಾಡಿದೆ.

"ಅಣ್ಣ ಈ ಬ್ಯಾಚ್ ಆಗ್ಲಿ, ನೋಡಣ ಅಂದವ್ನೆ," ಎಂದಳು. ದನಿ ದಣಿದಿತ್ತು.

"ಮುಂದಿನ ವಾರ ಪಂಚಾಯಿತಿ ಮೀಟಿಂಗು. ಮ್ಯಾಪಲ್ಲಿ ಅದು ಕೆಂಪು ಬರುತ್ತೆ ಕಣೇ. ನಾನು ಹೆಸರು ಹೇಳಲ್ಲ."

"ಹೆಸರು ಹೇಳ್ದಿದ್ರೆ ಗೊತ್ತಾಗಲ್ವಾ? ಅಲ್ಲಿರೋದು ಒಂದೇ ಶೆಡ್ಡು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಹೇಳ್ಬೇಡ ಅಂತ ನಾನನ್ನಲ್ಲ. ಅಷ್ಟು ಓದಿದೀನಿ ನಾನೂ," ಎಂದಳು. ಆಮೇಲೆ, "ಆದ್ರೆ ನೀನೇ ಹೇಳ್ಬೇಕಾ?" ಎಂದಳು.

"ಬೇರೆ ಯಾರೂ ಇಲ್ಲ," ಎಂದೆ. ಅವಳು "ಸರಿ ಬಿಡು," ಎಂದು ಫೋನಿಟ್ಟಳು.

ಪಂಚಾಯಿತಿ ಹಾಲಿನಲ್ಲಿ ಜನ ಹೆಚ್ಚಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸದಸ್ಯರು, ಸ್ತ್ರೀಶಕ್ತಿ ಸಂಘದ ಕೆಲವು ಹೆಂಗಸರು, ಬಾಗಿಲ ಬಳಿ ಅವಳ ಅಣ್ಣ. ಅವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹಸಿರು ಭಾಗದಿಂದ ಶುರುಮಾಡಿದೆ. ಬೆಟ್ಟದ ಬುಡದಲ್ಲಿ ನೀರು ಎಷ್ಟು ಒಳ್ಳೆಯದಿದೆ ಎಂದು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹೇಳಿದೆ. ಕೊನೆಗೆ ಸದಸ್ಯರೊಬ್ಬರು ಕೈ ಎತ್ತಿ, "ಅದ್ಯಾವ್ದು ಮೇಡಂ, ಆ ಕೆಂಪಗಿರೋ ಜಾಗ?" ಎಂದು ಕೇಳಿದರು.

"ಕೋಳಿ ಶೆಡ್ಡಿನ ಕೆಳಗಿಂದು," ಎಂದೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಒಂದಿಬ್ಬರು ಹೆಂಗಸರು ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡರು. ಅವಳ ಅಣ್ಣ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಎದ್ದು ನಿಂತು, ಅಂಗಿಯ ತೋಳು ಸರಿಮಾಡಿಕೊಂಡು, "ಏನು ಮಾಡ್ಬೇಕು ಅಂತ ಹೇಳಿ ಮೇಡಂ," ಎಂದರು.

ಮೇಡಂ. ಅಲ್ಲಿಯವರೆಗೆ ಅವರು ನನ್ನನ್ನು ಅಮ್ಮಣ್ಣಿ ಎಂದಲ್ಲದೆ ಕರೆದಿರಲಿಲ್ಲ.

ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಗುಂಡಿಗೆ ಬಿಡಬಹುದು, ಮೇಲೆ ಸೋಗೆ, ತರಗು ಹಾಕಿ ಕೊಳೆಯಿಸಿದರೆ ತೋಟಕ್ಕೇ ಗೊಬ್ಬರವಾಗುತ್ತದೆ, ಹಳ್ಳದ ಅಂಚಿನಲ್ಲಿ ಲಕ್ಕಿ ಗಿಡ, ಜೊಂಡು ಬೆಳೆಯಲು ಬಿಡಬೇಕು ಎಂದು ಹೇಳಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡು ಹೊರಟುಹೋದರು. ಅಂದು ಮಧ್ಯಾಹ್ನ ನಾನು ಅವರ ಮನೆಯ ಕಡೆ ಹೋಗಲಿಲ್ಲ. ಬಸ್ ಸ್ಟಾಪಿನ ಅಂಗಡಿಯಲ್ಲಿ ಬಿಸ್ಕತ್ತು ತೆಗೆದುಕೊಂಡು, ಅರ್ಧ ತಿಂದು, ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡೆ.

ಗೆಳತಿಯ ಜೊತೆ ಜಗಳವೇನೂ ಆಗಲಿಲ್ಲ. ಹಬ್ಬಕ್ಕೆ ನಾನು ಮೆಸೇಜು ಹಾಕಿದರೆ ಅವಳು ಉತ್ತರ ಹಾಕುತ್ತಿದ್ದಳು, ಈದ್‌ಗೆ ಅವಳು ಹಾಕಿದರೆ ನಾನು. ಇಬ್ಬರೂ ಎಲ್ಲೋ ಸಿಕ್ಕ ಹೂವಿನ ಚಿತ್ರಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ನಿಧಾನವಾಗಿ ಅದೂ ನಿಂತಿತು. ಪ್ರಾಜೆಕ್ಟು ಮುಗಿಯಿತು. ಇನ್ನೊಂದು ಸಣ್ಣ ಯೋಜನೆಯಲ್ಲಿ ಅದೇ ಹಳ್ಳಗಳನ್ನು ನೋಡಿಕೊಳ್ಳುವ ಕೆಲಸ ನನಗೇ ಬಂತು. ರಂಜಾನಿನಲ್ಲಿ ಉಪವಾಸವಿದ್ದುಕೊಂಡು ಹೋದರೆ ಊಟದ ಯೋಚನೆಯೇ ಇರುತ್ತಿರಲಿಲ್ಲ. ಆ ದಿನಗಳು ಸುಲಭವಾಗಿ ಕಳೆಯುತ್ತಿದ್ದವು. ಉಳಿದ ದಿನ ಡಬ್ಬಿ ಬಿಚ್ಚಿ, ಹೊಂಗೆಯ ನೆರಳಿನಲ್ಲಿ ಕೂತು, ಬೇಗ ಬೇಗ ತಿಂದು ಮುಗಿಸುತ್ತಿದ್ದೆ. ಕೆಲವು ದಿನ ಬೆಳಿಗ್ಗೆ ಕಂಡಕ್ಟರ್ ಜೊತೆ ಆಡಿದ ಮಾತಿನ ನಂತರ ಸಂಜೆಯವರೆಗೂ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಅವಳ ಅಣ್ಣ ಗುಂಡಿ ತೋಡಿಸಿದರು. ನಾನು ಅದನ್ನು ದೂರದಿಂದ ನೋಡಿದೆ. ಒಂದು ಒಳ್ಳೆಯ ಮಳೆಗಾಲ ಬಂದು ಕಲ್ಲಿನ ಮೇಲಿನ ಲೋಳೆಯೆಲ್ಲ ಕೊಚ್ಚಿಹೋಯಿತು. ಆ ಚಳಿಗಾಲದ ಒಂದು ಬೆಳಿಗ್ಗೆ ಶೆಡ್ಡಿನ ಕೆಳಗೆ ಬಲೆ ಎತ್ತಿ ಟ್ರೇಗೆ ಸುರಿದಾಗ, ತರಗೆಲೆಯ ಚೂರುಗಳ ನಡುವೆ ಏನೋ ಸರಕ್ಕನೆ ಓಡಿತು. ಬಗ್ಗಿ ನೋಡಿದೆ. ಮೂರು ಬಾಲ. ಪಕ್ಕದಲ್ಲಿ ಕಿವಿರು ಅದುರುತ್ತಿತ್ತು. ಅದರ ಹಿಂದೆ ಇನ್ನೊಂದು. ಮೇಲಿನಿಂದ ತೇಲಿಬಂದು ಇಲ್ಲಿ ಉಳಿದುಕೊಂಡಿದ್ದವು.

ಮೇಲಿನಿಂದ ಯಾರೋ ಇಳಿದು ಬರುವ ಸದ್ದಾಯಿತು. ಅವಳ ಅಣ್ಣ. ತಲೆಗೆ ಟವೆಲ್ ಸುತ್ತಿದ್ದರು. ನಾನು ಎದ್ದು ನಿಂತೆ.

"ಬಂದಿದೀರಾ ಮೇಡಂ."

"ಹೂಂ ಅಣ್ಣ. ನೋಡಿ, ವಾಪಸ್ ಬಂದಿವೆ."

ಅವರು ಕುಕ್ಕರಗಾಲಿನಲ್ಲಿ ಕೂತು ಟ್ರೇಯೊಳಗೆ ಇಣುಕಿದರು. ತುಂಬ ಹೊತ್ತು ಹುಡುಕಿದ ಮೇಲೆ ಅವರಿಗೆ ಅದು ಕಾಣಿಸಿತು.

"ಇದಾ? ಇಷ್ಟೇ ಇಷ್ಟು ಇದೆಯಲ್ಲ."

"ಹೂಂ, ಇದೇ."

ಅವರು ಮುಖದಲ್ಲಿ ಏನೂ ತೋರಿಸದೆ ಎದ್ದರು. ಹೋಗುವ ಮೊದಲು ತಿರುಗಿ, "ಅವಳಿಗೆ ಹೆಣ್ಣು ಕೂಸಾಯ್ತು. ಆಗ್ಲೇ ತಿಂಗಳು ದಾಟ್ತು. ಅಮ್ಮನೂ ಕುಣಿಗಲ್‌ನಲ್ಲೇ ಅವ್ರೆ," ಎಂದರು. ಆಮೇಲೆ, "ನಿಮಗೆ ಗೊತ್ತಿರ್ಬೇಕಲ್ಲ," ಎಂದರು.

ಗೊತ್ತಿರಲಿಲ್ಲ. ಅವಳು ಬಸುರಿ ಎಂಬುದೇ ಗೊತ್ತಿರಲಿಲ್ಲ. "ಗೊತ್ತು," ಎಂದೆ.

ಅವರು ಹೋದ ಮೇಲೆ ಹುಳಗಳನ್ನು ನೀರಿಗೆ ಬಿಟ್ಟು, ಟ್ರೇ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಆ ಕ್ಷಣ ಅವಳ ಮೇಲೆ ಸಿಟ್ಟು ಬಂದಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅದು ಇಳಿದು, ಬರೀ ಭಾರ ಉಳಿಯಿತು.

ಅದರ ಮುಂದಿನ ಭಾನುವಾರ ಕುಣಿಗಲ್ಲಿಗೆ ಹೋದೆ. ಹೋಗುವುದೋ ಬೇಡವೋ ಎಂದು ತುಮಕೂರಿನ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬಿಟ್ಟು, ಮುಂದಿನದನ್ನು ಹತ್ತಿದೆ. ಕೂಸಿಗೆ ಒಂದು ಕುಲಾವಿ, ಮೆತ್ತನೆಯ ಬಟ್ಟೆ ತೆಗೆದುಕೊಂಡೆ. ಮನೆ ಕೆರೆಯ ಕಡೆಯ ಬೀದಿಯಲ್ಲಿತ್ತು. ಬಾಗಿಲು ತೆರೆದದ್ದು ಅವಳ ಅಮ್ಮ.

"ಓ, ನೀನಾ. ಬಾ. ಕೈಕಾಲು ತೊಳ್ಕೊಂಡು ಬಾರವ್ವ, ಕೂಸೈತೆ."

ಒಳಗಿನ ಕೋಣೆಯಲ್ಲಿ ಸಾಂಬ್ರಾಣಿಯ ವಾಸನೆ. ಗೆಳತಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಒರಗಿದ್ದಳು. ನನ್ನನ್ನು ನೋಡಿ ಎದ್ದು ಕೂರಲು ಹೋದಳು.

"ಹೇಳ್ಬೇಕು ಅನ್ಕೊಂಡೆ ಕಣೇ. ದಿನಾ ಅನ್ಕೊಂಡೆ."

"ಇರ್ಲಿ ಬಿಡೇ."

ಅವಳ ಅಮ್ಮ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿತ್ತು. ಅವಳು ಹೆರಿಗೆಯ ವಿಷಯ ಹೇಳಿದಳು, ರಾತ್ರಿ ನಿದ್ದೆಯಿಲ್ಲ ಎಂದಳು, ರಜೆ ಮುಗಿದರೆ ಏನು ಮಾಡುವುದೋ ಎಂದಳು. ನನ್ನ ಮದುವೆಯ ವಿಚಾರ ಕೇಳಿದಳು. ಇಲ್ಲ ಅಂದೆ. ನಾನು ತಂದಿದ್ದ ಕುಲಾವಿಯನ್ನು ಬಿಚ್ಚಿ ನೋಡಿ, ಮಡಚಿ ದಿಂಬಿನ ಪಕ್ಕ ಇಟ್ಟಳು.

"ಇನ್ನೂ ಹೋಗ್ತೀಯಾ ಹಳ್ಳಕ್ಕೆ?" ಎಂದು ಅವಳೇ ಕೇಳಿದಳು.

"ಹೋಗ್ತೀನಿ. ಮೊನ್ನೆ ನಿಮ್ಮೂರಿಗೆ ಹೋಗಿದ್ದೆ."

ಹೇಳತೊಡಗಿದೆ. ಗುಂಡಿಯ ವಿಷಯ, ಲೋಳೆ ಹೋದ ವಿಷಯ, ದಂಡೆಯಲ್ಲಿ ಲಕ್ಕಿ ಚಿಗುರಿದ್ದು, ಅವಳ ಅಣ್ಣ ಟ್ರೇಯೊಳಗೆ ಇಣುಕಿದ್ದು. ಮಾತಾಡುತ್ತಾ ಹೋದ ಹಾಗೆ ನಿಟ್ಟೂರಿನಲ್ಲಿ ಕಂಡ ಚಿಟ್ಟೆಯ ಸುದ್ದಿಯೂ ಬಂತು. ಎಷ್ಟೋ ದಿನಗಳಿಂದ ಒಳಗೇ ಇದ್ದದ್ದು ಒಂದರ ಹಿಂದೆ ಒಂದು ಬರುತ್ತಿತ್ತು. ನನ್ನ ಕಣ್ಣು ಕೂಸಿನ ಮೇಲಿತ್ತು. ತಲೆ ಎತ್ತಿ ನೋಡಿದರೆ ಅವಳು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಹಾಸಿಗೆಯ ಅಂಚಿಗೆ ಜೋತುಬಿದ್ದಿತ್ತು. ಯಾವ ಮಾತಿನವರೆಗೆ ಕೇಳಿಸಿಕೊಂಡಿದ್ದಳೋ ಗೊತ್ತಾಗಲಿಲ್ಲ.

ಎಬ್ಬಿಸಲಿಲ್ಲ. ಅವಳ ಅಮ್ಮ ಬಂದು ಕೂಸನ್ನು ಎತ್ತಿಕೊಳ್ಳುವವರೆಗೂ ಇಬ್ಬರನ್ನೂ ನೋಡುತ್ತಾ ಕೂತಿದ್ದೆ.

"ಹೊಂಟ್ಯಾ? ಉಂಡ್ಕೊಂಡು ಹೋಗ್ಬೋದಿತ್ತು," ಎಂದರು ಬಾಗಿಲಲ್ಲಿ.

"ಬಸ್ಸಿದೆ ಅಮ್ಮ. ಇನ್ನೊಂದ್ಸಲ ಬರ್ತೀನಿ."

"ಹೂಂ, ಬತ್ತಾ ಇರು," ಎಂದರು. ಒತ್ತಾಯ ಮಾಡಲಿಲ್ಲ.

ತುಮಕೂರಿನ ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ಕೂತೆ. ಕೆರೆ ದಾಟಿ ಬಸ್ಸು ಹೆದ್ದಾರಿಗೆ ಬಿದ್ದಾಗ ಅವಳ ಮೆಸೇಜು ಬಂತು. "ಎಬ್ಬಿಸಬಾರದಾಗಿತ್ತಾ" ಎಂದಿತ್ತು. ಏನು ಬರೆಯುವುದೆಂದು ಸುಮಾರು ಹೊತ್ತು ಯೋಚಿಸಿ, "ಮಲಗು" ಎಂದಷ್ಟೇ ಬರೆದೆ. ಆಮೇಲೆ ಫೋನನ್ನು ಚೀಲದೊಳಗಿಟ್ಟು, ಮನೆ ಸೇರುವವರೆಗೂ ಹೊರಗೆ ನೋಡುತ್ತಾ ಕೂತಿದ್ದೆ.